ರಿಪೇರಿಗೆ ಕೊಟ್ಟ ಮೊಬೈಲ್ ಬಗ್ಗೆ ಅನುಮಾನವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ಅಂಗಡಿಯ ಕೌಂಟರಿನ ಒಳಬದಿಯಲ್ಲಿ ಕುಳಿತು ಕೆಲಸ ಮಾಡಿದವನು ನಾನು. ರಿಪೇರಿಯವರೆಲ್ಲ ಕಳ್ಳರು ಎಂಬ ಮಾತನ್ನು ಒಪ್ಪುವುದಿಲ್ಲ. ಎಲ್ಲರೂ ಸತ್ಯಹರಿಶ್ಚಂದ್ರನ ತುಂಡುಗಳು ಎಂದೂ ಹೇಳುವುದಿಲ್ಲ. ಕೌಂಟರಿನ ಮೇಲಿನ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಕಳ್ಳತನದಿಂದಲ್ಲ. ಫೋನ್ ಕೊಡುವಾಗ ಕೊಟ್ಟವರೂ ಏನನ್ನೂ ಬರೆಸಿಕೊಂಡಿರುವುದಿಲ್ಲ, ಇಟ್ಟುಕೊಂಡವರೂ ಬರೆದುಕೊಂಡಿರುವುದಿಲ್ಲ. ಕೆಳಗಿನ ಉತ್ತರಗಳು ಕರ್ನಾಟಕದ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡವು. ಕಾನೂನಿನ ಭಾಗ ಮಾತ್ರ ದೇಶಕ್ಕೆಲ್ಲ ಒಂದೇ.

ಒಡೆದ ಡಿಸ್‌ಪ್ಲೇ ಬದಲಿಸಿದರು. ‘ಒರಿಜಿನಲ್ ಹಾಕಿದ್ದೇವೆ’ ಎನ್ನುತ್ತಾರೆ. ನಿಜವೇ ಎಂದು ತಿಳಿಯುವುದು ಹೇಗೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಮಾರುಕಟ್ಟೆಯಲ್ಲಿ ‘ಒರಿಜಿನಲ್’ ಎಂಬ ಒಂದೇ ಮಾತಿಗೆ ಮೂರು ನಾಲ್ಕು ಬೆಲೆಗಳಿವೆ. ಕಂಪನಿಯೇ ತನ್ನ ಸರ್ವಿಸ್ ಸೆಂಟರುಗಳಿಗೆ ಕಳಿಸುವ ಸರ್ವಿಸ್ ಪ್ಯಾಕ್ ಒಂದು. ಇನ್ನೊಂದು ಹಾಳಾದ ಫೋನಿನಿಂದ ಕಳಚಿ ತೆಗೆದದ್ದು. ಅದೂ ಕಂಪನಿಯದೇ, ಆದರೆ ಬಳಸಿದ್ದು. ಮೂರನೆಯದು ಬೇರೆ ಕಾರ್ಖಾನೆಯವರು ತಯಾರಿಸಿದ, ಓಎಲ್ಇಡಿ ಎಂಬ ಬಗೆಯ ಪರದೆಯ ಕಾಪಿ. ಕೊನೆಯದು, ಎಲ್ಲಕ್ಕಿಂತ ಅಗ್ಗವಾದದ್ದು, ಓಎಲ್ಇಡಿ ಇರಬೇಕಾದ ಜಾಗದಲ್ಲಿ ಕೂರಿಸುವ ಇನ್ನೊಂದು ಬಗೆಯ ಪರದೆ, ಎಲ್‌ಸಿಡಿ. ಡಿಸ್‌ಪ್ಲೇ ಮತ್ತು ಟಚ್ ಸೇರಿದ ಈ ಜೋಡಿಗೆ ಅಂಗಡಿಗಳಲ್ಲಿ ಕಾಂಬೋ ಎನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಮಾದರಿಯ ಕಾಂಬೋಗೆ ಅಕ್ಕಪಕ್ಕದ ಎರಡು ಅಂಗಡಿಗಳು ಬೇರೆ ಬೇರೆ ಬೆಲೆ ಹೇಳಿದರೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದೇನಲ್ಲ. ಇಬ್ಬರೂ ಬೇರೆ ಬೇರೆ ವಸ್ತುವಿನ ಬೆಲೆ ಹೇಳುತ್ತಿರಬಹುದು. ‘ಒರಿಜಿನಲ್ಲಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಸರ್ವಿಸ್ ಪ್ಯಾಕೋ, ಕಳಚಿದ್ದೋ, ಕಾಪಿಯೋ?’ ಎಂದು ಕೇಳಿ ನೋಡಿ, ಉತ್ತರ ಸ್ವಲ್ಪ ತಡವಾಗಿ ಬರುತ್ತದೆ.

ಈಗಾಗಲೇ ಹಾಕಿಸಿಯಾಗಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಮೊದಲು, ನಿಮ್ಮ ಫೋನ್ ಕಂಪನಿಯಿಂದ ಬಂದಾಗ ಓಎಲ್ಇಡಿ ಅಥವಾ ಅಮೋಲೆಡ್ (ಅದೂ ಓಎಲ್ಇಡಿಯ ಒಂದು ಬಗೆ) ಆಗಿತ್ತೇ ಎಂದು ಪೆಟ್ಟಿಗೆಯಲ್ಲೋ ಕಂಪನಿಯ ಜಾಲತಾಣದಲ್ಲೋ ನೋಡಿಕೊಳ್ಳಿ. ಆಗಿದ್ದರೆ, ಪೂರ್ತಿ ಕಪ್ಪು ಬಣ್ಣದ ಒಂದು ಚಿತ್ರವನ್ನು ಪರದೆಯ ತುಂಬ ಇಟ್ಟು, ಪ್ರಖರತೆಯನ್ನು ಪೂರ್ತಿ ಏರಿಸಿ, ಕೋಣೆಯ ದೀಪ ಆರಿಸಿ. ಓಎಲ್ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುತ್ತದೆ, ಕಪ್ಪಿಗೆ ಬಿಂದು ಆರಿಯೇ ಹೋಗುತ್ತದೆ; ಫೋನ್ ಕತ್ತಲೆಯಲ್ಲಿ ಕರಗಿಹೋದಂತೆ ಕಾಣಬೇಕು. ಎಲ್‌ಸಿಡಿಯ ಹಿಂದೆ ಬೆಳಕಿನ ಹಾಳೆಯೊಂದು ಸದಾ ಉರಿಯುತ್ತಿರುವುದರಿಂದ ಪರದೆ ಬೂದು ಬಣ್ಣಕ್ಕೆ ಮಿನುಗುತ್ತದೆ, ಅಂಚುಗಳಲ್ಲಿ ಇನ್ನೂ ಸ್ಪಷ್ಟವಾಗಿ.

ಪರದೆಯ ಕೆಳಗೇ ಬೆರಳಚ್ಚು ಓದುವ ಫೋನಾಗಿದ್ದರೆ ಇನ್ನೊಂದು ಸುಳಿವಿದೆ. ಆ ಸಂವೇದಕ ಓಎಲ್ಇಡಿ ಪದರದ ಮೂಲಕವೇ ನೋಡಬೇಕು. ಎಲ್‌ಸಿಡಿ ಕೂರಿಸಿದರೆ ಅದರ ಬೆಳಕಿನ ಹಾಳೆ ಅಡ್ಡ ಬಂದು ಬೆರಳಚ್ಚು ಕೆಲಸವನ್ನೇ ಮಾಡುವುದಿಲ್ಲ. ‘ಡಿಸ್‌ಪ್ಲೇ ಬದಲಿಸಿದರೆ ಫಿಂಗರ್‌ಪ್ರಿಂಟ್ ಹೋಗುತ್ತದೆ, ಎಲ್ಲ ಕಡೆಯೂ ಹಾಗೆಯೇ’ ಎಂದು ಯಾರಾದರೂ ಹೇಳಿದರೆ, ಅಗ್ಗದ ಕಾಂಬೋ ಹಾಕಲು ಹೊರಟಿದ್ದಾರೆ ಎಂದು ಬಹುಮಟ್ಟಿಗೆ ಹೇಳಬಹುದು.

ಐಫೋನಿನಲ್ಲಿ ಕೆಲಸ ಸುಲಭ. ಐಓಎಸ್ 15.2ರಿಂದ ಈಚೆಗೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಹೋದರೆ ಭಾಗಗಳ ಮತ್ತು ಸರ್ವಿಸ್‌ನ ಇತಿಹಾಸ ಕಾಣುತ್ತದೆ. ಕಂಪನಿಯ ಭಾಗವಲ್ಲದಿದ್ದರೆ ಅಲ್ಲಿ ‘ಅನ್‌ನೋನ್ ಪಾರ್ಟ್’ ಎಂದು ಬರೆದಿರುತ್ತದೆ. ಬಹಳ ಹಳೆಯ ಮಾದರಿಗಳಲ್ಲಿ ಈ ಸೌಲಭ್ಯವಿಲ್ಲ.

ಕಾಪಿ ಡಿಸ್‌ಪ್ಲೇ ಹಾಕುವುದು ತಪ್ಪಲ್ಲ. ಮೂರು ವರ್ಷ ಹಳೆಯ ಫೋನಿಗೆ ಅದೇ ಬುದ್ಧಿವಂತಿಕೆ. ಕಾಪಿ ಹಾಕಿ ಕಂಪನಿಯ ಬೆಲೆ ತೆಗೆದುಕೊಳ್ಳುವುದು ತಪ್ಪು.

ತೆಗೆದ ಹಳೆಯ ಡಿಸ್‌ಪ್ಲೇ ವಾಪಸ್ ಕೇಳಿದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆ. ಏಕೆ?

ಅದಕ್ಕೆ ಬೆಲೆ ಇದೆ, ಅದಕ್ಕೆ. ಮೇಲಿನ ಗಾಜು ಮಾತ್ರ ಒಡೆದು ಒಳಗಿನ ಪರದೆ ಚೆನ್ನಾಗಿದ್ದರೆ, ಆ ಗಾಜನ್ನು ತೆಗೆದು ಹೊಸದನ್ನು ಅಂಟಿಸಿ ಮತ್ತೆ ಮಾರುವವರಿದ್ದಾರೆ. ಒಡೆದ ಡಿಸ್‌ಪ್ಲೇಗಳನ್ನು ಕೊಳ್ಳುವ ವ್ಯಾಪಾರವೇ ಒಂದಿದೆ. ಹೊರಗಿನ ಅಂಗಡಿಯಲ್ಲಿ ನೀವು ಹಣ ಕೊಟ್ಟು ಮಾಡಿಸುವ ರಿಪೇರಿಯಲ್ಲಿ ಹಳೆಯ ಭಾಗ ನಿಮ್ಮದೇ. ಕೇಳಿ ಪಡೆಯಿರಿ, ಇಲ್ಲವೇ ಬಿಟ್ಟುಕೊಟ್ಟು ಬಿಲ್ಲಿನಲ್ಲಿ ಅಷ್ಟು ಕಡಿಮೆ ಮಾಡಿಸಿ. ಕಂಪನಿಯ ಅಧಿಕೃತ ಸೆಂಟರಿನಲ್ಲಿ, ಅದರಲ್ಲೂ ವಾರಂಟಿಯಲ್ಲಿ ಬದಲಿಸಿದಾಗ, ಹಳೆಯ ಭಾಗ ಕಂಪನಿಗೆ ಸೇರುತ್ತದೆ ಎಂಬ ಷರತ್ತು ಸಾಮಾನ್ಯ. ಸಹಿ ಹಾಕುವ ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ.

ಒಳಗಿನ ಪರದೆ ಚೆನ್ನಾಗಿದೆ ಎಂದು ಗೊತ್ತಿದ್ದರೆ ಇನ್ನೂ ಒಂದು ಮಾತು: ಇಡೀ ಕಾಂಬೋ ಬದಲಿಸದೆ ಗಾಜು ಮಾತ್ರ ಬದಲಿಸಿಕೊಡುವ ಅಂಗಡಿಗಳೂ ಇವೆ. ಖರ್ಚು ಕಡಿಮೆ, ನಿಮ್ಮ ಮೂಲ ಪರದೆ ಉಳಿಯುತ್ತದೆ. ಆದರೆ ಗಾಜು ಬೇರ್ಪಡಿಸುವಾಗ ಪರದೆಯೇ ಹೋಗುವ ಅಪಾಯವಿದೆ. ಹೋದರೆ ನಷ್ಟ ಯಾರದು ಎಂದು ಮೊದಲೇ ಕೇಳಿ.

ರಿಪೇರಿಗೆ ಕೊಡುವ ಮೊದಲು ಏನೇನು ಮಾಡಿಕೊಳ್ಳಬೇಕು?

ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರಗೆ ತೆಗೆಯಿರಿ. ಸಿಮ್ ಅಂಗಡಿಯಲ್ಲಿ ಉಳಿದರೆ ನಿಮ್ಮ ಬ್ಯಾಂಕಿನ ಒಟಿಪಿಗಳೂ ಅಲ್ಲೇ ಉಳಿದಂತೆ. ಫೋನ್ ಆನ್ ಆಗುವಂತಿದ್ದರೆ ಬ್ಯಾಕಪ್ ಮಾಡಿ. *#06# ಒತ್ತಿ ಬರುವ 15 ಅಂಕಿಗಳ ಐಎಂಇಐ ಸಂಖ್ಯೆಯ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಫೋಟೊವನ್ನು ಇನ್ನೊಂದು ಫೋನಿನಲ್ಲಿ ತೆಗೆದುಕೊಳ್ಳಿ. ಎರಡು ಸಿಮ್ ಫೋನಿಗೆ ಎರಡು ಸಂಖ್ಯೆ ಇರುತ್ತವೆ. ಫೋನಿನ ನಾಲ್ಕೂ ಅಂಚು, ಹಿಂಬದಿ, ಕ್ಯಾಮೆರಾ ಗಾಜು ಕಾಣುವಂತೆ ಒಂದು ಚಿಕ್ಕ ವಿಡಿಯೊ ಮಾಡಿ. ಕೌಂಟರಿನ ಮುಂದೆಯೇ, ಅವರಿಗೆ ಕಾಣುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಆಮೇಲೆ ಚೀಟಿ. ಅಂಗಡಿಯವರು ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಮಾದರಿಯ ಹೆಸರು, ‘ಡಿಸ್‌ಪ್ಲೇ’ ಎಂಬ ಒಂದು ಪದ, ಒಂದು ಮೊತ್ತ, ಇಷ್ಟೇ ಇರುತ್ತದೆ. ಇದು ಯಾವ ಜಗಳಕ್ಕೂ ಸಾಲದು. ಬರೆಸಬೇಕಾದದ್ದು ಹೀಗೆ:

‘ಐಎಂಇಐ ಕೊನೆಯ ಆರು ಅಂಕಿ ಇಷ್ಟು. ದೋಷ: ಚಾರ್ಜ್ ಆಗುತ್ತಿಲ್ಲ. ಡಿಸ್‌ಪ್ಲೇ, ಕ್ಯಾಮೆರಾ, ಸ್ಪೀಕರ್, ಬೆರಳಚ್ಚು ಈಗ ಸರಿಯಾಗಿವೆ. ಹಾಕುವ ಭಾಗ: ಚಾರ್ಜಿಂಗ್ ಬೋರ್ಡ್, ಕಾಪಿ. ಒಟ್ಟು ₹900. ಇದಕ್ಕಿಂತ ಹೆಚ್ಚಾದರೆ ಕೇಳಿ ಮಾಡುವುದು. ಹಳೆಯ ಭಾಗ ಹಿಂದಿರುಗಿಸುವುದು. ಮೂರು ತಿಂಗಳ ವಾರಂಟಿ.’

ಅವರಿಗೆ ಬರೆಯಲು ಬೇಸರವಾದರೆ ನೀವೇ ಇದನ್ನು ಅಂಗಡಿಯ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳಿಸಿ, ‘ಸರಿ’ ಎಂಬ ಉತ್ತರ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ. ಆ ಒಂದು ಪದ ಮುಂದೆ ಸಾಕ್ಷಿಯಾಗಿ ಕೆಲಸಕ್ಕೆ ಬರುತ್ತದೆ.

ಪಾಸ್‌ವರ್ಡ್ ಕೊಡಲೇಬೇಕೇ?

ಬಹುತೇಕ ರಿಪೇರಿಗಳಿಗೆ ಬೇಡ. ಚಾರ್ಜಿಂಗ್ ಪಿನ್, ಬ್ಯಾಟರಿ, ಹಿಂಬದಿಯ ಗಾಜು ಬದಲಿಸಲು ಪಾಸ್‌ವರ್ಡಿನ ಅಗತ್ಯವೇ ಇಲ್ಲ. ಡಿಸ್‌ಪ್ಲೇ ಹಾಕಿದ ಮೇಲೆ ಟಚ್ ನೋಡಲು ಲಾಕ್ ಪರದೆಯ ಅಂಕಿಗಳೇ ಸಾಕು. ಕ್ಯಾಮೆರಾ ಲಾಕ್ ತೆಗೆಯದೆಯೂ ತೆರೆದುಕೊಳ್ಳುತ್ತದೆ. ಉಳಿದ ಪರೀಕ್ಷೆಗೆ ‘ನಾನು ಬಂದ ಮೇಲೆ ಲಾಕ್ ತೆಗೆದು ನೋಡೋಣ’ ಎನ್ನಿ.

ಕೊಡಲೇಬೇಕಾದ ಸಂದರ್ಭಕ್ಕೆ ಇತ್ತೀಚಿನ ಫೋನುಗಳಲ್ಲಿ ಒಂದು ವ್ಯವಸ್ಥೆ ಇದೆ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಮೇಂಟೆನೆನ್ಸ್ ಮೋಡ್, ಗೂಗಲ್ ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್. ಅದನ್ನು ಆನ್ ಮಾಡಿದರೆ ಫೋನ್ ಹೊಸದರಂತೆ ಖಾಲಿಯಾಗಿ ತೆರೆದುಕೊಳ್ಳುತ್ತದೆ. ನಿಮ್ಮ ಫೋಟೊ, ಸಂದೇಶ, ಆ್ಯಪ್‌ಗಳು ಯಾವುವೂ ಕಾಣುವುದಿಲ್ಲ. ಅದರಿಂದ ಹೊರಬರಲು ನಿಮ್ಮ ಬೆರಳಚ್ಚೋ ಪಾಸ್‌ವರ್ಡೋ ಬೇಕು. ಈ ಸೌಲಭ್ಯವಿಲ್ಲದ ಫೋನಾದರೆ ಬ್ಯಾಕಪ್ ಮಾಡಿ, ಪೂರ್ತಿ ಅಳಿಸಿ ಕೊಡುವುದೇ ಮೇಲು. ಅಳಿಸಲಾಗದ ಸ್ಥಿತಿಯಲ್ಲಿದ್ದರೆ ಎದುರಿಗೇ ಕೆಲಸ ಮಾಡಿಕೊಡುವ ಅಂಗಡಿಯನ್ನು ಹುಡುಕಿ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಇರಲಿ, ನಿಮ್ಮ ತಾಲ್ಲೂಕಿನ ಬಸ್ ನಿಲ್ದಾಣದ ಎದುರಿನ ಅಂಗಡಿ ಇರಲಿ, ಕೌಂಟರಿನ ಮೇಲೆಯೇ ಫೋನ್ ಬಿಚ್ಚುವವರು ಇದ್ದೇ ಇರುತ್ತಾರೆ. ಒಂದು ಗಂಟೆ ಸ್ಟೂಲಿನ ಮೇಲೆ ಕೂರುವ ತಾಳ್ಮೆ ನಿಮಗಿರಬೇಕು, ಅಷ್ಟೆ.

ಒಂದು ದೋಷಕ್ಕೆ ಕೊಟ್ಟರೆ ಇನ್ನೊಂದು ದೋಷದೊಂದಿಗೆ ವಾಪಸ್ ಬಂದಿದೆ. ಬೇಕೆಂದೇ ಮಾಡಿದ್ದಾರೆಯೇ?

ಸಾಮಾನ್ಯವಾಗಿ ಇಲ್ಲ. ಇಂದಿನ ಫೋನುಗಳು ಅಂಟಿನ ಮೇಲೆ ನಿಂತಿವೆ. ಹಿಂಬದಿಯನ್ನು ಬಿಸಿ ಮಾಡಿ ತೆಗೆಯುವಾಗ ತೆಳ್ಳನೆಯ ರಿಬ್ಬನ್ ಕೇಬಲ್ ಹರಿಯುವುದು, ಕಿವಿಯ ಬಳಿಯ ಸ್ಪೀಕರಿನ ಜಾಲರಿಗೆ ಅಂಟು ಮೆತ್ತಿಕೊಳ್ಳುವುದು, ಕ್ಯಾಮೆರಾ ಗಾಜಿನ ಒಳಗೆ ದೂಳು ಸೇರುವುದು, ಇವೆಲ್ಲ ಅಜಾಗರೂಕತೆಯಿಂದ ಆಗುವಂಥವು. ಅಜಾಗರೂಕತೆಗೂ ಅಂಗಡಿಯವರೇ ಹೊಣೆ. ಫೋನ್ ಒಮ್ಮೆ ಬಿಚ್ಚಿದ ಮೇಲೆ ಹೊಸ ಅಂಟುಪಟ್ಟಿ ಹಾಕದಿದ್ದರೆ ನೀರು ತಡೆಯುವ ಶಕ್ತಿಯೂ ಹೋಯಿತೆಂದೇ ತಿಳಿಯಿರಿ. ನೀರು, ದೂಳು ತಡೆಯುವ ಐಪಿ68 ದರ್ಜೆಯದು ಎಂದು ನಂಬಿ ಈಜುಕೊಳಕ್ಕೆ ಒಯ್ಯಬೇಡಿ.

ಅದಕ್ಕಾಗಿಯೇ ಹಣ ಕೊಡುವ ಮೊದಲು ಕೌಂಟರಿನಲ್ಲೇ ಪರೀಕ್ಷಿಸಬೇಕು. ಒಂದು ಆ್ಯಪ್‌ನ ಚಿತ್ರವನ್ನು ಬೆರಳಿನಲ್ಲಿ ಒತ್ತಿಹಿಡಿದು ಪರದೆಯ ಮೇಲೆಲ್ಲ ನಿಧಾನವಾಗಿ ಎಳೆದಾಡಿ; ಟಚ್ ಸತ್ತ ಜಾಗ ಬಂದರೆ ಅದು ಬೆರಳಿನಿಂದ ಕಳಚಿಕೊಳ್ಳುತ್ತದೆ. ಸಿಮ್ ಹಾಕಿ ಮನೆಗೆ ಒಂದು ಕರೆ ಮಾಡಿ, ಫೋನನ್ನು ಕಿವಿಗೆ ಹಿಡಿದಾಗ ಪರದೆ ಆರುತ್ತದೆಯೇ, ಆ ಕಡೆಯವರಿಗೆ ನಿಮ್ಮ ಧ್ವನಿ ಕೇಳುತ್ತಿದೆಯೇ ನೋಡಿ. ಹಿಂದಿನ, ಮುಂದಿನ ಕ್ಯಾಮೆರಾಗಳಲ್ಲಿ ಒಂದೊಂದು ಫೋಟೊ. ನಿಮ್ಮದೇ ಚಾರ್ಜರಿನಲ್ಲಿ ಚಾರ್ಜ್. ವೈಫೈ, ಬೆರಳಚ್ಚು, ವೈಬ್ರೇಷನ್. ‘ಬೇಗ ನೋಡಿ ಸರ್, ಗಿರಾಕಿಗಳು ಕಾಯುತ್ತಿದ್ದಾರೆ’ ಎಂಬ ಮಾತು ಬಂದೇ ಬರುತ್ತದೆ. ಬರಲಿ.

ಒಳಗಿನ ಒಳ್ಳೆಯ ಬೋರ್ಡ್ ತೆಗೆದು ಬೇರೆಯದನ್ನು ಹಾಕಿಬಿಟ್ಟಿದ್ದಾರೆ ಎಂಬ ಅನುಮಾನ.

ಈ ಅನುಮಾನ ಪರಿಹರಿಸುವುದು ಅತಿ ಸುಲಭ. ಬೋರ್ಡ್ ಎಂದರೆ ಫೋನಿನ ಮುಖ್ಯ ಸರ್ಕ್ಯೂಟ್; ಐಎಂಇಐ ಸಂಖ್ಯೆ ಅದರಲ್ಲೇ ದಾಖಲಾಗಿರುತ್ತದೆ. *#06# ಒತ್ತಿ ಬಂದ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನ, ಖರೀದಿ ಬಿಲ್ಲಿನ ಸಂಖ್ಯೆಯೊಂದಿಗೆ ಹೋಲಿಸಿ. ಒಂದೇ ಆಗಿದ್ದರೆ ಬೋರ್ಡ್ ನಿಮ್ಮದೇ ಎಂದು ನಿಶ್ಚಿಂತೆಯಿಂದಿರಬಹುದು.

ಬೇರೆಯಾಗಿದ್ದರೆ ಎರಡು ಸಾಧ್ಯತೆ. ಅಧಿಕೃತ ಸೆಂಟರಿನವರು ಬೋರ್ಡ್ ಬದಲಿಸಿದಾಗ ಸಂಖ್ಯೆ ಬದಲಾಗುವುದುಂಟು. ಆಗ ಅವರ ಸರ್ವಿಸ್ ವರದಿಯಲ್ಲಿ ಹೊಸ ಸಂಖ್ಯೆ ಇರಬೇಕು. ಅದನ್ನು ಕೇಳಿ ಪಡೆದು, ಖರೀದಿ ಬಿಲ್ಲಿನೊಂದಿಗೆ ಇಟ್ಟುಕೊಳ್ಳಿ. ಹಾಗಲ್ಲದೆ ಬದಲಾಗಿದ್ದರೆ ಹೊಸ ಸಂಖ್ಯೆಯ ಜಾತಕ ನೋಡಿ: ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, 15 ಅಂಕಿಗಳನ್ನು ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಆ ಸಂಖ್ಯೆ ಯಾವ ಕಂಪನಿಯ ಯಾವ ಮಾದರಿಯದು, ಕಪ್ಪುಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಕದ್ದ ಫೋನಿನ ಬೋರ್ಡ್ ನಿಮ್ಮ ಫೋನಿನೊಳಗೆ ಬಂದು ಕುಳಿತಿದ್ದರೆ ಪೊಲೀಸರು ಹುಡುಕಿಕೊಂಡು ಬರುವುದು ಅಂಗಡಿಗಲ್ಲ, ನಿಮ್ಮ ಮನೆಗೆ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ ಇದೆ. ಹೀಗಾಗಿ ಇಂಥ ಅನುಮಾನ ಗಟ್ಟಿಯಾದರೆ ಅಂಗಡಿಯವರೊಂದಿಗೆ ಚೌಕಾಸಿ ಮಾಡುತ್ತಾ ಕೂರದೆ ಠಾಣೆಗೆ ಲಿಖಿತ ದೂರು ಕೊಡಿ.

‘ಬೋರ್ಡ್ ಹೋಗಿದೆ’ ಎಂದು ಬೆಲೆ ಏರಿಸುತ್ತಲೇ ಇದ್ದಾರೆ.

ಮೊದಲು ಪಿನ್ ಎಂದರು, ಆಮೇಲೆ ಐಸಿ (ಬೋರ್ಡಿನ ಮೇಲಿನ ಚಿಪ್) ಎಂದರು, ಈಗ ಬೋರ್ಡ್ ಎನ್ನುತ್ತಾರೆ. ಕೆಲವೊಮ್ಮೆ ಇದು ಪ್ರಾಮಾಣಿಕವೇ, ಏಕೆಂದರೆ ಬಿಚ್ಚಿ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನೀರಿಗೆ ಬಿದ್ದ ಫೋನಿನಲ್ಲಂತೂ ತುಕ್ಕು ದಿನದಿಂದ ದಿನಕ್ಕೆ ಹರಡುತ್ತದೆ. ಇಂದು ಆನ್ ಆದದ್ದು ಮುಂದಿನ ವಾರ ಸಾಯಬಹುದು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ತುಕ್ಕು ನಿಲ್ಲುವುದಿಲ್ಲ, ಹಿಟ್ಟು ಒಳಗೆ ಸೇರುತ್ತದೆ ಅಷ್ಟೇ. ಇಂಥ ಫೋನಿಗೆ ವಾರಂಟಿ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳಿದರೆ ಅವರನ್ನು ದೂರಲಾರೆ.

ಆದರೆ ಎರಡನೇ ಬಾರಿ ಬೆಲೆ ಏರಿದಾಗ ಕೆಲಸ ನಿಲ್ಲಿಸಿ ಎನ್ನಿ. ಪರಿಶೀಲನೆಯ ಶುಲ್ಕ ಕೊಟ್ಟು ಫೋನ್ ವಾಪಸ್ ಪಡೆದು ಇನ್ನೊಂದು ಅಂಗಡಿಯಲ್ಲಿ ತೋರಿಸಿ. ಅಲ್ಲಿ ಮೊದಲ ಅಂಗಡಿಯವರ ರೋಗನಿರ್ಣಯವನ್ನು ಹೇಳಬೇಡಿ. ಏನಾಗಿದೆ ಎಂದು ಅವರೇ ಹೇಳಲಿ.

ಹೊಸ ಬ್ಯಾಟರಿ ಹಾಕಿಸಿದರೂ ಮಧ್ಯಾಹ್ನಕ್ಕೇ ಖಾಲಿ.

ಮೊದಲ ಎರಡು ಮೂರು ದಿನ ಬಿಡಿ. ಆಮೇಲೂ 30 ಪ್ರತಿಶತ ತೋರಿಸುತ್ತಿದ್ದ ಫೋನ್ ಥಟ್ಟನೆ ಆಫ್ ಆಗುತ್ತಿದ್ದರೆ, ಸುಮ್ಮನೆ ಇಟ್ಟಾಗಲೂ ಬಿಸಿಯಾಗುತ್ತಿದ್ದರೆ ಬ್ಯಾಟರಿ ಕಳಪೆ. ಅದರ ಮೇಲೆ ಮುದ್ರಿಸಿದ ಅಂಕಿಯನ್ನು ನಂಬಬೇಡಿ, ಯಾರು ಬೇಕಾದರೂ ಏನು ಬೇಕಾದರೂ ಮುದ್ರಿಸಬಹುದು. ಕೂಡಲೇ ಬದಲಿಸಿಕೊಡುವಂತೆ ಕೇಳಿ; ತಡ ಮಾಡಿದಷ್ಟೂ ‘ನೀವು ಬಳಸಿ ಹಾಳುಮಾಡಿದಿರಿ’ ಎಂಬ ವಾದಕ್ಕೆ ಬಲ ಬರುತ್ತದೆ. ಇತ್ತೀಚೆಗೆ ಅಗ್ಗದ ಎಲ್‌ಸಿಡಿ ಕಾಂಬೋ ಹಾಕಿಸಿದ್ದರೆ ಬ್ಯಾಟರಿ ತಿನ್ನುತ್ತಿರುವುದು ಆ ಪರದೆಯೂ ಆಗಿರಬಹುದು.

ಅಪ್‌ಡೇಟ್ ಆದ ಮೇಲೆ ಪರದೆಯ ಮೇಲೆ ಹಸಿರು ಗೆರೆ ಬಂತು. ಡಿಸ್‌ಪ್ಲೇಗೆ ಪೂರ್ತಿ ಹಣ ಕೇಳುತ್ತಾರೆ.

ಕೊಡುವ ಮೊದಲು ಕಂಪನಿಯ ಗ್ರಾಹಕ ಸೇವೆಗೆ ಬರೆಯಿರಿ. ಅಮೋಲೆಡ್ ಪರದೆಗಳ ಈ ತೊಂದರೆಗೆ ವಾರಂಟಿ ಮುಗಿದ ಮೇಲೂ ಕೆಲವು ಕಂಪನಿಗಳು ಭಾರತದಲ್ಲಿ ಉಚಿತ ಬದಲಾವಣೆ ಕೊಟ್ಟದ್ದುಂಟು. 2024ರಲ್ಲಿ ಒನ್‌ಪ್ಲಸ್ ಇದಕ್ಕಾಗಿಯೇ ಒಂದು ಯೋಜನೆ ಪ್ರಕಟಿಸಿತು. ಸ್ಯಾಮ್‌ಸಂಗ್ ಕೂಡ ಕೆಲವು ಮಾದರಿಗಳಿಗೆ ಒಮ್ಮೆ ಉಚಿತವಾಗಿ ಬದಲಿಸಿಕೊಟ್ಟಿದೆ. ಹೊರಗಿನ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿದರೆ ಈ ಬಾಗಿಲು ಮುಚ್ಚಿದಂತೆ.

ನೀರಿಗೆ ಬೀಳಿಸಿಯೇ ಇಲ್ಲ. ಸರ್ವಿಸ್ ಸೆಂಟರಿನವರು ‘ನೀರು ಹೋಗಿದೆ’ ಎಂದು ವಾರಂಟಿ ನಿರಾಕರಿಸಿದರು.

ಫೋನಿನ ಒಳಗೆ, ಹಲವು ಮಾದರಿಗಳಲ್ಲಿ ಸಿಮ್ ಟ್ರೇ ಗೂಡಿನೊಳಗೂ, ಬಿಳಿಯ ಒಂದು ಚಿಕ್ಕ ಪಟ್ಟಿ ಇರುತ್ತದೆ. ನೀರು ತಾಗಿದರೆ ಕೆಂಪಾಗುತ್ತದೆ. ಅವರ ತೀರ್ಮಾನಕ್ಕೆ ಆಧಾರ ಬಹುಮಟ್ಟಿಗೆ ಅದೇ. ಬಾಯಿಮಾತಿಗೆ ಒಪ್ಪಬೇಡಿ. ಕೆಂಪಾದ ಪಟ್ಟಿಯ ಮತ್ತು ತುಕ್ಕು ಹಿಡಿದ ಜಾಗದ ಫೋಟೊ, ನಿರಾಕರಣೆಯ ಕಾರಣ ಬರೆದ ವರದಿ, ಎರಡನ್ನೂ ಕೇಳಿ. ಪಟ್ಟಿ ಕೆಂಪಾಗಿದ್ದರೂ ನಿಮ್ಮ ದೋಷಕ್ಕೂ ನೀರಿಗೂ ಸಂಬಂಧವೇನು ಎಂದು ಪ್ರಶ್ನಿಸುವ ಹಕ್ಕು ನಿಮಗಿದೆ: ಪವರ್ ಬಟನ್ ಕಿತ್ತುಬಂದದ್ದಕ್ಕೆ ನೀರು ಹೇಗೆ ಕಾರಣವಾಗುತ್ತದೆ? ಗ್ರಾಹಕ ಆಯೋಗದ ಮುಂದೆ ಹೋದರೆ ಇಂಥದ್ದನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷಿಸಲು ಕಾನೂನಿನಲ್ಲಿ ಅವಕಾಶವಿದೆ.

ಬಿಲ್ ಕೊಡಲಿಲ್ಲ. ‘ರಿಪೇರಿಗೆ ಗ್ಯಾರಂಟಿ ಇಲ್ಲ’ ಎಂದು ಗೋಡೆಯ ಮೇಲೆ ಬೋರ್ಡ್ ಬೇರೆ ಹಾಕಿದ್ದಾರೆ. ನನ್ನ ಕಥೆ ಮುಗಿಯಿತೇ?

ಇಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಅಥವಾ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಮಾಡಿದ ಕೆಲಸ ಕೆಟ್ಟದ್ದಾಗಿದ್ದರೆ ಅದು ಸೇವಾ ನ್ಯೂನತೆ. ಗೋಡೆಯ ಮೇಲಿನ ಬೋರ್ಡ್ ಆ ಹೊಣೆಯನ್ನು ಅಳಿಸಲಾರದು. ಬಿಲ್ ಇಲ್ಲದಿದ್ದರೂ ಯುಪಿಐ ಪಾವತಿಯ ದಾಖಲೆ, ವಾಟ್ಸ್‌ಆ್ಯಪ್ ಮಾತುಕತೆ, ಅಂಗಡಿಯ ಚೀಟಿ ಸಾಕ್ಷಿಯಾಗುತ್ತವೆ. ರಿಪೇರಿಗೆ ನಗದು ಕೊಡಬೇಡಿ ಎನ್ನುವುದು ಇದಕ್ಕೇ. ‘ಯುಪಿಐ ಆದರೆ ನೂರು ರೂಪಾಯಿ ಜಾಸ್ತಿ’ ಎಂದರೂ ನಾನಾಗಿದ್ದರೆ ಕೊಡುತ್ತೇನೆ.

ದೂರು ಎಲ್ಲಿ, ಹೇಗೆ ಕೊಡುವುದು?

ಮೊದಲ ಹೆಜ್ಜೆ ಅಂಗಡಿಯವರಿಗೇ. ಕೂಗಾಡದೆ, ಬರಹದಲ್ಲಿ. ಒಂದು ಮಾದರಿ:

‘ನಮಸ್ಕಾರ. ಈ ತಿಂಗಳ 4ರಂದು ನಿಮ್ಮಲ್ಲಿ ₹6,500 ಕೊಟ್ಟು ಡಿಸ್‌ಪ್ಲೇ ಹಾಕಿಸಿದ್ದೆ. ಓಎಲ್ಇಡಿ ಎಂದು ಹೇಳಿದ್ದಿರಿ. ಈಗ ಬೆರಳಚ್ಚು ಕೆಲಸ ಮಾಡುತ್ತಿಲ್ಲ, ಹಾಕಿರುವುದು ಎಲ್‌ಸಿಡಿ ಎಂದು ಕಂಡುಬಂದಿದೆ. ವಿಡಿಯೊ ಜೊತೆಗಿದೆ. ಹೇಳಿದ ಡಿಸ್‌ಪ್ಲೇಯನ್ನೇ ಹಾಕಿಕೊಡಿ, ಇಲ್ಲವೇ ಹಣ ಹಿಂದಿರುಗಿಸಿ. ಏಳು ದಿನದೊಳಗೆ ತಿಳಿಸಿ.’

ಬೆದರಿಕೆ ಬೇಡ, ಬೈಗುಳ ಬೇಡ. ಮುಂದೆ ಇದನ್ನು ಬೇರೆಯವರು ಓದಬೇಕಾಗಿ ಬರಬಹುದು. ಬಹಳಷ್ಟು ಅಂಗಡಿಯವರು ಈ ಹಂತದಲ್ಲೇ ದಾರಿಗೆ ಬರುತ್ತಾರೆ; ಬೀದಿಯಲ್ಲಿ ಹೆಸರು ಉಳಿಸಿಕೊಳ್ಳಬೇಕಾದವರಿಗೆ ಬರಹದ ದೂರು ಎಂದರೆ ಭಯ.

ಎರಡನೆಯದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೂ ಮಾತನಾಡಬಹುದು. ಇಲ್ಲಿ ಒಂದು ಸತ್ಯ ಹೇಳಬೇಕು: ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ಅದು ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ದೊಡ್ಡ ಕಂಪನಿಯ ಸರ್ವಿಸ್ ಸೆಂಟರಿನ ವಿರುದ್ಧ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬೀದಿ ಕೊನೆಯ ಅಂಗಡಿಯ ವಿರುದ್ಧ ಅಷ್ಟಾಗಿ ಅಲ್ಲ.

ಮೂರನೆಯದು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬೆಂಗಳೂರಿನಲ್ಲಿ ರಿಪೇರಿ ಮಾಡಿಸಿ ಹಾಸನದಲ್ಲಿರುವವರು ಹಾಸನದಲ್ಲೇ ಹಾಕಬಹುದು. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. 2025ರ ಜನವರಿಯಿಂದ ಬಂದಿರುವ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಪರೀಕ್ಷೆ ಬೇಡದ ಪ್ರಕರಣಕ್ಕೆ ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳು ಎಂದು ಕಾಯ್ದೆ ಹೇಳುತ್ತದೆ. ನೀವು ಅದಕ್ಕಿಂತ ಹೆಚ್ಚು ದಿನ ಕಾಯಲು ಸಿದ್ಧರಾಗಿ ಹೋಗಿ.

ಅಷ್ಟೆಲ್ಲ ಓಡಾಟ ಲಾಭವೇ?

₹800ರ ಬ್ಯಾಟರಿಗೆ ಆಯೋಗದ ಮೆಟ್ಟಿಲು ಹತ್ತಬೇಡಿ. ಅಂಗಡಿಗೆ ಸಂದೇಶ, ಅದಕ್ಕೂ ಬಗ್ಗದಿದ್ದರೆ ಇಂಟರ್ನೆಟ್ಟಿನಲ್ಲಿ ನಡೆದದ್ದನ್ನಷ್ಟೇ ಬರೆದ ಒಂದು ವಿಮರ್ಶೆ, ಸಾಕು. ‘ಕಳ್ಳ’, ‘ವಂಚಕ’ ಎಂದು ಬರೆದರೆ ಮಾನನಷ್ಟದ ನೋಟಿಸು ನಿಮಗೇ ಬರಬಹುದು. ₹20,000ದ ಫೋನ್ ಕೈಕೊಟ್ಟಿದ್ದರೆ, ಚೀಟಿಯೂ ಸಂದೇಶಗಳೂ ನಿಮ್ಮ ಬಳಿ ಇದ್ದರೆ, ಖಂಡಿತ ಹೋಗಿ.

ರಿಪೇರಿ ಸರಿಯಾಗಿಲ್ಲ ಎಂದು ಹಣ ಕೊಡಲಿಲ್ಲ. ಫೋನನ್ನೇ ಹಿಡಿದಿಟ್ಟುಕೊಂಡಿದ್ದಾರೆ. ಇದು ಸರಿಯೇ?

ಸರಿಯಾಗಿ ಕೆಲಸ ಮಾಡಿದ್ದರೆ, ಅವರಿಗೆ ಆ ಹಕ್ಕಿದೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮು ಕೊಡುವ ಉದಾಹರಣೆ ಹೀಗಿದೆ: ಕಚ್ಚಾ ವಜ್ರವನ್ನು ಕತ್ತರಿಸಿ ಮೆರುಗು ಕೊಡಲು ಒಪ್ಪಿಸಿದರೆ, ಕೆಲಸ ಮುಗಿಸಿದ ಆಭರಣ ವ್ಯಾಪಾರಿ ತನ್ನ ಕೂಲಿ ಸಿಗುವವರೆಗೆ ಕಲ್ಲನ್ನು ಇಟ್ಟುಕೊಳ್ಳಬಹುದು. ಆದರೆ ಈ ಹಕ್ಕು ಒಪ್ಪಿಕೊಂಡಂತೆ ಮಾಡಿದ ಕೆಲಸದ ಕೂಲಿಗೆ ಮಾತ್ರ. ನೀವು ಒಪ್ಪದ ಕೆಲಸದ ಬಿಲ್ಲಿಗಾಗಲಿ, ಮಾಡದೇ ಬಿಟ್ಟ ರಿಪೇರಿಗಾಗಲಿ ಫೋನ್ ಅಡವು ಹಿಡಿಯುವಂತಿಲ್ಲ. ಫೋನ್ ತುರ್ತಾಗಿ ಬೇಕಿದ್ದರೆ ‘ತಕರಾರು ಇಟ್ಟುಕೊಂಡೇ ಕೊಡುತ್ತಿದ್ದೇನೆ’ ಎಂದು ಸಂದೇಶ ಕಳಿಸಿ, ಯುಪಿಐನಲ್ಲಿ ಹಣ ಕೊಟ್ಟು ಬಿಡಿಸಿಕೊಳ್ಳಿ. ಜಗಳವನ್ನು ಆಮೇಲೆ ಆಡಬಹುದು.

ಅಂಗಡಿಯಲ್ಲೇ ಫೋನ್ ಕಳೆದುಹೋಗಿದೆಯಂತೆ.

ಒಪ್ಪಿಸಿದ ವಸ್ತುವನ್ನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನದೇ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದ ನೋಡಿಕೊಳ್ಳಬೇಕು ಎಂಬುದು ಅದೇ ಕರಾರು ಕಾಯ್ದೆಯ 151ನೇ ಕಲಮು. ಹಾಗೆ ನೋಡಿಕೊಳ್ಳದೆ ಕಳೆದಿದ್ದರೆ ಅವರು ನಷ್ಟ ತುಂಬಿಕೊಡಬೇಕು. ಕಳೆದಿಲ್ಲ, ಮಾರಿಕೊಂಡಿದ್ದಾರೆ ಎಂದು ಅನುಮಾನವಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ನಂಬಿಕೆ ದ್ರೋಹ. ಪೊಲೀಸ್ ದೂರು ಕೊಡಿ. ದೂರಿನ ಪ್ರತಿ, ಖರೀದಿ ಬಿಲ್, ಐಎಂಇಐ ಇಟ್ಟುಕೊಂಡು ಸಂಚಾರ್ ಸಾಥಿಯ ಸಿಇಐಆರ್ ವಿಭಾಗದಲ್ಲಿ ಫೋನನ್ನು ನಿರ್ಬಂಧಿಸಿ. ಆಮೇಲೆ ಅದು ದೇಶದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡುವುದಿಲ್ಲ. ಫೋನ್ ಸಿಕ್ಕರೆ ಅಲ್ಲೇ ನಿರ್ಬಂಧ ತೆಗೆಸಬಹುದು.

ನನ್ನ ಖಾಸಗಿ ಫೋಟೊಗಳನ್ನು ನೋಡಿದ್ದಾರೆ, ನಕಲು ಮಾಡಿಕೊಂಡಿದ್ದಾರೆ ಎನಿಸುತ್ತಿದೆ.

ಅಂಗಡಿಗೆ ಹೋಗಿ ಜಗಳವಾಡಬೇಡಿ. ನೀವು ಹೊರಗೆ ಬರುವಷ್ಟರಲ್ಲಿ ಅವರು ಅಳಿಸಿಬಿಡುತ್ತಾರೆ. ಫೋನಿನಲ್ಲಿ ನಿಮಗೆ ಗೊತ್ತಿಲ್ಲದ ಆ್ಯಪ್, ನಿಮ್ಮ ಖಾತೆಗೆ ಸೇರಿದ ಹೊಸ ಸಾಧನ, ವಾಟ್ಸ್‌ಆ್ಯಪ್‌ಗೆ ಜೋಡಿಸಿದ ಕಂಪ್ಯೂಟರ್ ಇವೆಯೇ ನೋಡಿ. ಇದ್ದರೆ ಮೊದಲು ಅದರ ಫೋಟೊ ತೆಗೆದು, ಆಮೇಲೆ ಹೊರಗೆ ಹಾಕಿ, ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಬದಲಿಸಿ. ಯಾರಾದರೂ ಬೆದರಿಸುತ್ತಿದ್ದರೆ ಆ ಸಂದೇಶಗಳನ್ನು ಅಳಿಸಬೇಡಿ, ಹಣ ಕೊಡಬೇಡಿ. ಅನುಮತಿಯಿಲ್ಲದೆ ಮಾಹಿತಿ ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ಜಿಲ್ಲೆಯ ಸೈಬರ್ ಠಾಣೆಗೆ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣಕ್ಕೆ ದೂರು ಕೊಡಬಹುದು. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಅಲ್ಲಿ ಪ್ರತ್ಯೇಕ ವಿಭಾಗವಿದೆ. ತುರ್ತಾದರೆ 112.

ಗೂಗಲ್‌ನಲ್ಲಿ ಸಿಕ್ಕ ಸರ್ವಿಸ್ ಸೆಂಟರ್ ನಂಬರಿಗೆ ಕರೆ ಮಾಡಿದೆ. ₹5 ಕಳಿಸಿ ನೋಂದಣಿ ಮಾಡಿಸಿ ಎಂದರು.

ಅದು ಸರ್ವಿಸ್ ಸೆಂಟರಲ್ಲ. ಲಿಂಕ್ ಒತ್ತಬೇಡಿ, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬೇಡಿ. ಆಗಲೇ ಹಣ ಹೋಗಿದ್ದರೆ ಈ ಪುಟ ಓದುವುದನ್ನು ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೆಂಟರಿನ ವಿಳಾಸ ಬೇಕಾದರೆ ಕಂಪನಿಯ ಸ್ವಂತ ಜಾಲತಾಣದಲ್ಲಿ ಹುಡುಕಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿದ ‘ರೈಟ್ ಟು ರಿಪೇರ್’ ಜಾಲತಾಣದಲ್ಲೂ ಹಲವು ಕಂಪನಿಗಳ ಸೇವಾ ಕೇಂದ್ರ, ವಾರಂಟಿ ವಿವರಗಳು ಒಂದೇ ಕಡೆ ಸಿಗುತ್ತವೆ.

ತೆಗೆದುಕೊಟ್ಟ ಹಳೆಯ ಬ್ಯಾಟರಿ ಊದಿಕೊಂಡಿದೆ. ಸಾಕ್ಷಿಗೆಂದು ಮನೆಯಲ್ಲಿ ಇಟ್ಟುಕೊಳ್ಳಲೇ?

ಬೇಡ. ಎರಡು ಬದಿಯ ಫೋಟೊ ತೆಗೆದುಕೊಂಡು, ಚುಚ್ಚದೆ, ಒತ್ತದೆ, ಬಿಸಿಲಿಗೆ ಇಡದೆ ಅಧಿಕೃತ ಸರ್ವಿಸ್ ಸೆಂಟರಿಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ತಲುಪಿಸಿ. ಕಸದ ಗಾಡಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಜಜ್ಜಿದರೆ ಹೊತ್ತಿಕೊಳ್ಳುತ್ತದೆ.